ತೂಕ ಇಳಿಕೆ: ಉತ್ಸಾಹ ಕುಂದದಂತೆ ಅನುಸರಿಸಬೇಕಾದ ಕ್ರಮಗಳು

ರಾಯಚೂರು ನಗರ, ದೇವದುರ್ಗ ಹಾಗೂ ಮಾನ್ವಿ ತಾಲ್ಲೂಕುಗಳ ಸಾರ್ವಜನಿಕರ ಗಮನಕ್ಕೆ: ಅಧಿಕ ತೂಕವು ಮಧುಮೇಹ, ಅಧಿಕ ರಕ್ತದೊತ್ತಡಗಳಿಗೆ ದಾರಿಯಾಗುತ್ತದೆ. ತೂಕ ಇಳಿಸುವವರು ಅರ್ಧಕ್ಕೇ ಕೈಬಿಡದಿರಲು ಈ ಕ್ರಮಗಳನ್ನು ಅನುಸರಿಸತಕ್ಕದ್ದು.

1. ಗುರಿ: ಆರು ತಿಂಗಳಲ್ಲಿ ಶೇಕಡಾ 5ರಷ್ಟು ಇಳಿಕೆ. 80 ಕೆ.ಜಿ. ತೂಕದವರಿಗೆ ಇದು 4 ಕೆ.ಜಿ. ಮಾತ್ರ.

2. ನಡಿಗೆ: ವಾರಕ್ಕೆ 150 ನಿಮಿಷ ಚುರುಕು ನಡಿಗೆ. ಬೇಸಿಗೆಯಲ್ಲಿ ಬಿಸಿಲೇರುವ ಮುನ್ನವೇ ಮುಗಿಸುವುದು.

3. ಆಹಾರ: ಮಿರ್ಚಿ ಭಜಿ, ಸಿಹಿ ಚಹಾ ಕಡಿಮೆ, ಜೋಳದ ರೊಟ್ಟಿ ಮಿತವಾಗಿ, ಕಾಳು, ಸೊಪ್ಪಿನ ಪಲ್ಯ ಹೆಚ್ಚಾಗಿ.

4. ದಾಖಲೆ: ವಾರಕ್ಕೊಮ್ಮೆ ನಿಗದಿತ ದಿನದಂದು ತೂಕ ಬರೆದಿಡುವುದು. ಕೆಲವು ವಾರ ತೂಕ ಇಳಿಯದಿರುವುದು ಸಹಜ. ಒಂದು ದಿನ ತಪ್ಪಿದಲ್ಲಿ ಮರುದಿನವೇ ಮುಂದುವರಿಸುವುದು.

ಸೂಚನೆ: 30 ವರ್ಷ ಮೇಲ್ಪಟ್ಟವರು ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ, ಮಧುಮೇಹಗಳ ಉಚಿತ ತಪಾಸಣೆ ಮಾಡಿಸಿಕೊಳ್ಳಬಹುದು. ತೂಕ ಇಳಿದರೂ ವೈದ್ಯರ ಸಲಹೆಯಿಲ್ಲದೆ ಮಾತ್ರೆ ನಿಲ್ಲಿಸಬಾರದು.