ತಿಣುಕುವ ನಾಯಿ ಮತ್ತು ನೊಬೆಲ್ ಬಹುಮಾನ

ವಯಸ್ಸಾದ ಗಂಡು ನಾಯಿ ಬೇಲಿ ಪಕ್ಕ ಕೂತು ತಿಣುಕುತ್ತಿದ್ದರೆ ಮಲಬದ್ಧತೆ ಅಂದುಕೊಳ್ಳುವವರೇ ಹೆಚ್ಚು. ಆದರೆ ಮಲ ಪಟ್ಟಿಯ ಹಾಗೆ ಚಪ್ಪಟೆಯಾಗಿ ಬರುತ್ತಿದ್ದರೆ, ಮೂತ್ರದ ದಾರಿಯಲ್ಲಿ ರಕ್ತ ತೊಟ್ಟಿಕ್ಕುತ್ತಿದ್ದರೆ, ಪ್ರಾಸ್ಟೇಟ್ ಗ್ರಂಥಿ ಊದಿರಬಹುದು. ಮೂತ್ರಕೋಶದ ಕೊರಳ ಬಳಿ ಮೂತ್ರನಾಳವನ್ನು ಸುತ್ತಿಕೊಂಡಿರುವ ಗ್ರಂಥಿ ಅದು. ನಮ್ಮ ಅಜ್ಜಂದಿರಿಗೆ ಅದು ಊದಿದರೆ ಮೂತ್ರ ಕಟ್ಟುತ್ತದೆ. ನಾಯಿಯಲ್ಲಿ ಹೊರಕ್ಕೆ ಬೆಳೆದು ಮಲದ ಕರುಳನ್ನು ಒತ್ತುತ್ತದೆ.

ವಯಸ್ಸಿಗೆ ಹೀಗೆ ಊದುವುದು ಮನುಷ್ಯನಲ್ಲಿ, ನಾಯಿಯಲ್ಲಿ ಸಾಮಾನ್ಯ. ಬೇರೆ ಪ್ರಾಣಿಗಳಲ್ಲಿ ಅಪರೂಪ. ಇತಿಹಾಸದ ತಿರುವು ಇಲ್ಲೇ ಇದೆ.

ಅಮೆರಿಕದ ಫಿಲಡೆಲ್ಫಿಯಾದ ಸರ್ಜನ್ ವಿಲಿಯಂ ವೈಟ್ 1890ರ ದಶಕದಲ್ಲೇ ನಾಯಿಗಳ ಬೀಜ ತೆಗೆದು, ಗ್ರಂಥಿ ಕುಗ್ಗುವುದನ್ನು ಕಂಡಿದ್ದರು. 1930ರ ದಶಕದ ಕೊನೆಗೆ ಷಿಕಾಗೋದಲ್ಲಿ ಚಾರ್ಲ್ಸ್ ಹಗಿನ್ಸ್ ಎಂಬ ಡಾಕ್ಟರು ನಾಯಿಗಳ ಪ್ರಾಸ್ಟೇಟ್ ದ್ರವವನ್ನು ಸಂಗ್ರಹಿಸಿ ಅಳೆಯುತ್ತಿದ್ದರು. ಕೆಲವು ಮುದಿ ನಾಯಿಗಳ ಗ್ರಂಥಿಯಲ್ಲಿ ಗೆಡ್ಡೆ ಇದ್ದು ಲೆಕ್ಕ ಕೆಡುತ್ತಿತ್ತು. ಮೊದಮೊದಲು ಅವರಿಗೆ ಕಿರಿಕಿರಿ. ಆಮೇಲೆ ಅಂಥ ನಾಯಿಗಳನ್ನೇ ಹುಡುಕತೊಡಗಿದರು! ಬೀಜ ತೆಗೆದರೆ, ಅಥವಾ ಹೆಣ್ಣು ಹಾರ್ಮೋನು ಕೊಟ್ಟರೆ, ಗ್ರಂಥಿ ಕುಗ್ಗಿತು. 1941ರಲ್ಲಿ ಕ್ಲಾರೆನ್ಸ್ ಹಾಡ್ಜಸ್ ಜೊತೆ ಅದನ್ನೇ ಪ್ರಾಸ್ಟೇಟ್ ಕ್ಯಾನ್ಸರ್ ಹರಡಿದ ಗಂಡಸರಲ್ಲಿ ತೋರಿಸಿದರು. 1966ರಲ್ಲಿ ಹಗಿನ್ಸ್‌ಗೆ ನೊಬೆಲ್ ಬಂತು. ಹಾರ್ಮೋನು ತಗ್ಗಿಸುವ ಚಿಕಿತ್ಸೆ ಇಂದಿಗೂ ನಡೆದಿದೆ.

ಆ ನಾಯಿಗಳ ಕುಲಕ್ಕೆ ಸಿಕ್ಕಿದ್ದೇನು? ಗಂಡಸರಿಗೆ ಮಾಡುವ ಪಿಎಸ್‌ಎ ರಕ್ತಪರೀಕ್ಷೆ ನಾಯಿಗೆ ಉಪಯೋಗವಿಲ್ಲ. ಅದರ ಗ್ರಂಥಿ ಸುರಿಸುವ ಪ್ರೋಟೀನೇ ಬೇರೆ, ಅದಕ್ಕೆ ಪ್ರತ್ಯೇಕ ಪರೀಕ್ಷೆ ಬಂದಿದ್ದರೂ ನಮ್ಮ ಹಳ್ಳಿಗಳ ಮಟ್ಟಿಗೆ ಅದು ದೂರದ ಮಾತು. ಹಾಗಾಗಿ ಬೆರಳೇ ಮೊದಲ ಪರೀಕ್ಷೆ. ಹಸು ಗಬ್ಬವಾಗಿದೆಯೇ ಎಂದು ಡಾಕ್ಟರು ಕೈ ಹಾಕಿ ನೋಡುತ್ತಾರಲ್ಲ, ನಾಯಿಗೆ ಕೈಗವಸು ತೊಟ್ಟ ಒಂದು ಬೆರಳು ಸಾಕು. ಎರಡೂ ಬದಿ ಸಮವಾಗಿ ಊದಿ, ಮುಟ್ಟಿದರೆ ನೋವಿಲ್ಲದಿದ್ದರೆ ಹೆಚ್ಚಾಗಿ ವಯಸ್ಸಿನ ಊತ. ನೋವು, ಜ್ವರ ಇದ್ದರೆ ಸೋಂಕು ಎಂಬ ಅನುಮಾನ. ಗಟ್ಟಿಯಾಗಿ, ಏರುಪೇರಾಗಿ, ಅಲ್ಲಾಡದೆ ಕೂತಿದ್ದರೆ ಕ್ಯಾನ್ಸರ್ ಭಯ. ಆಗ ಸ್ಕ್ಯಾನಿಂಗ್ ಮಾಡಿ, ಸೂಜಿಯಿಂದ ಜೀವಕೋಶ ತೆಗೆದು ನೋಡಬೇಕಾಗುತ್ತದೆ.

ಬೀಜ ತೆಗೆಸಿದ ನಾಯಿಯಲ್ಲಿ ಗ್ರಂಥಿ ದಪ್ಪವಾಗಿದ್ದರಂತೂ ಡಾಕ್ಟರ ಮುಖ ಗಂಭೀರವಾಗುತ್ತದೆ, ಏಕೆಂದರೆ ವಯಸ್ಸಿನ ಊತ ಬರುವುದೇ ಬೀಜದ ಹಾರ್ಮೋನಿನಿಂದ. ಆ ಊತ ಬೀಜ ತೆಗೆಸಿದ ಕೆಲವು ವಾರಗಳಲ್ಲಿ ಇಳಿಯುತ್ತದೆ. ನಾಯಿಯ ಕ್ಯಾನ್ಸರ್ ಮಾತ್ರ ಹಗಿನ್ಸ್ ಮದ್ದಿಗೆ ಸಾಮಾನ್ಯವಾಗಿ ಬಗ್ಗುವುದಿಲ್ಲ.