ವೀಸಾ ಸಿಕ್ಕರೆ ನೆಲೆ ಸಿಕ್ಕಂತಲ್ಲ: ಕುಶಲ ವಲಸಿಗರ ನಿಯಮ ಬದಲಾದ ಬಗೆ

ದಾವಣಗೆರೆ: ಚನ್ನಗಿರಿಯ ಅಡಿಕೆ ತೋಟ, ಹೊನ್ನಾಳಿ-ನ್ಯಾಮತಿಯ ಗದ್ದೆ, ಜಗಳೂರಿನ ಮಳೆಯಾಶ್ರಿತ ಹೊಲಗಳನ್ನು ನಂಬಿದ ಮನೆಗಳಿಂದ ಎಂಜಿನಿಯರಿಂಗ್ ಓದಿ ಹೊರದೇಶದತ್ತ ಮುಖ ಮಾಡುವ ಯುವಜನರಿಗೆ ವೀಸಾ ನಿಯಮ ದೂರದ ಸುದ್ದಿಯಲ್ಲ. ಶಿಕ್ಷಣ ಸಾಲ 7.5 ಲಕ್ಷ ರೂ. ಮೀರಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತವೆ. ಹೀಗಾಗಿ ಲಂಡನ್ನಿನಲ್ಲೋ ವಾಷಿಂಗ್ಟನ್ನಿನಲ್ಲೋ ನಿಯಮ ಬದಲಾದರೆ ಅದರ ಹೊರೆ ಊರಿನ ತೋಟ, ಮನೆಯ ಮೇಲೂ ಬೀಳುತ್ತದೆ.

ಕೆಲಸದ ವೀಸಾ ಮತ್ತು ಕಾಯಂ ವಾಸದ ಹಕ್ಕು ಬೇರೆ ಬೇರೆ. ಮೊದಲನೆಯದು ಗೊತ್ತಾದ ಅವಧಿಗೆ, ಹೆಚ್ಚಾಗಿ ಒಬ್ಬ ಉದ್ಯೋಗದಾತನ ಆಶ್ರಯದಲ್ಲಿ ದುಡಿಯಲು ನೀಡುವ ಅನುಮತಿ. ಎರಡನೆಯದು ಅವಧಿಯ ಹಂಗಿಲ್ಲದೆ ನೆಲೆಸುವ ಹಕ್ಕು. ಒಂದರಿಂದ ಇನ್ನೊಂದಕ್ಕೆ ಸಾಗುವ ನಡುದಾರಿಯಲ್ಲೇ ನಿಯಮಗಳು ಬದಲಾಗುತ್ತಿವೆ ಎಂಬುದು ಗಮನಾರ್ಹ.

ಅಮೆರಿಕ: ಶುಲ್ಕ ಮತ್ತು ಸರದಿ

ಅಮೆರಿಕದ ಎಚ್-1ಬಿ ವೀಸಾ 1990ರ ವಲಸೆ ಕಾಯ್ದೆಯಿಂದ ರೂಪುಗೊಂಡಿತು. ವಾರ್ಷಿಕ ಮಿತಿ 65,000. ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ ಹೆಚ್ಚುವರಿಯಾಗಿ 20,000. ವೀಸಾ ಅವಧಿ 3 ವರ್ಷ. ವಿಸ್ತರಣೆಯೂ ಸೇರಿ ಸಾಮಾನ್ಯವಾಗಿ 6 ವರ್ಷ.

2025ರ ಸೆಪ್ಟೆಂಬರ್ 19ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಹೊರಡಿಸಿದ ಘೋಷಣೆಯು ದೇಶದ ಹೊರಗಿರುವವರ ಪರವಾಗಿ ಸಲ್ಲಿಸುವ ಹೊಸ ಅರ್ಜಿಗಳಿಗೆ 1 ಲಕ್ಷ ಡಾಲರ್ ಪಾವತಿ ವಿಧಿಸಿತು. ಸೆಪ್ಟೆಂಬರ್ 21ರಿಂದ 12 ತಿಂಗಳ ಅವಧಿಗೆ ಹೊರಡಿಸಿದ ಆದೇಶವಿದು. ಆಗಲೇ ವೀಸಾ ಹೊಂದಿದ್ದವರಿಗೆ ಇದು ಅನ್ವಯಿಸದು ಎಂಬ ಸ್ಪಷ್ಟನೆ ಹೊರಬೀಳುವಷ್ಟರಲ್ಲಿ, ರಜೆಗೆಂದು ಊರಿಗೆ ಬಂದಿದ್ದ ಅನೇಕರು ತರಾತುರಿಯಲ್ಲಿ ವಿಮಾನ ಏರಿದ್ದರು. ಹೆಚ್ಚು ವೇತನದ ಹುದ್ದೆಗಳಿಗೆ ಲಾಟರಿಯಲ್ಲಿ ಹೆಚ್ಚು ಅವಕಾಶ ಕಲ್ಪಿಸುವ ನಿಯಮವನ್ನು 2025ರ ಡಿಸೆಂಬರ್‌ನಲ್ಲಿ ಅಂತಿಮಗೊಳಿಸಲಾಯಿತು. ಹೊಸದಾಗಿ ಪದವಿ ಮುಗಿಸಿ ಕಡಿಮೆ ವೇತನದಲ್ಲಿ ಸೇರುವವರಿಗೆ ಇದರಿಂದ ಹಿನ್ನಡೆ.

ಕಾಯಂ ವಾಸದ ದಾರಿ ಇನ್ನೂ ಕಿರಿದು. ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ಗಳು ಕುಟುಂಬದವರೂ ಸೇರಿ ವರ್ಷಕ್ಕೆ ಸುಮಾರು 1.40 ಲಕ್ಷ. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇ 7ರ ಮಿತಿಯಿದೆ. ಹೀಗಾಗಿ ಭಾರತೀಯರ ಸರದಿ ಕೆಲವು ವರ್ಗಗಳಲ್ಲಿ ದಶಕ ಮೀರಿದೆ. ಗ್ರೀನ್ ಕಾರ್ಡ್ ಪ್ರಕ್ರಿಯೆ ನಿರ್ದಿಷ್ಟ ಹಂತ ತಲುಪಿದ್ದರೆ 6 ವರ್ಷಗಳ ನಂತರವೂ ವೀಸಾ ವಿಸ್ತರಣೆ ಸಾಧ್ಯ. ಆದರೆ ಕೆಲಸ ಹೋದರೆ ಹೊಸ ಉದ್ಯೋಗದಾತನನ್ನು ಹುಡುಕಲು ಇರುವುದು ಹೆಚ್ಚೆಂದರೆ 60 ದಿನ. ಜೊತೆಯಲ್ಲಿರುವ ಮಕ್ಕಳು 21 ವರ್ಷ ತುಂಬಿದೊಡನೆ ಅವಲಂಬಿತರ ವೀಸಾದ ಅರ್ಹತೆ ಕಳೆದುಕೊಳ್ಳುತ್ತಾರೆ.

ಬ್ರಿಟನ್: 5 ವರ್ಷವೋ 10 ವರ್ಷವೋ

ಬ್ರಿಟನ್ 2002ರಲ್ಲಿ ಹೆಚ್ಚು ಕುಶಲ ವಲಸಿಗರಿಗಾಗಿ ಪ್ರತ್ಯೇಕ ಯೋಜನೆ ಆರಂಭಿಸಿತ್ತು. 2006ರ ಏಪ್ರಿಲ್‌ನಲ್ಲಿ ಕಾಯಂ ವಾಸಕ್ಕೆ ಬೇಕಾದ ಅವಧಿಯನ್ನು 4ರಿಂದ 5 ವರ್ಷಕ್ಕೆ ಏರಿಸಲಾಯಿತು. ಅದೇ ನವೆಂಬರ್‌ನಲ್ಲಿ ಅಂಕಗಳ ಲೆಕ್ಕವೂ ಬದಲಾಯಿತು. ಆಗಲೇ ಅಲ್ಲಿ ನೆಲೆಸಿದ್ದವರಿಗೂ ಅದನ್ನು ಅನ್ವಯಿಸಲಾಯಿತು. ವಲಸಿಗರ ವೇದಿಕೆಯೊಂದು ನ್ಯಾಯಾಲಯದ ಮೆಟ್ಟಿಲೇರಿತು. ಕೊಟ್ಟ ಭರವಸೆಯಿಂದ ಸರ್ಕಾರ ಹಿಂದೆ ಸರಿಯುವುದು ಸರಿಯಲ್ಲ ಎಂಬ ನಿಲುವಿಗೆ 2008 ಮತ್ತು 2009ರಲ್ಲಿ ಅಲ್ಲಿನ ಹೈಕೋರ್ಟ್ ಮನ್ನಣೆ ನೀಡಿತು.

ಅದೇ ಪ್ರಶ್ನೆ ಮತ್ತೆ ಎದ್ದಿದೆ. ಕುಶಲ ಕೆಲಸಗಾರರ ವೀಸಾಕ್ಕೆ ಸಾಮಾನ್ಯ ವೇತನ ಮಿತಿ 2024ರ ಏಪ್ರಿಲ್‌ನಲ್ಲಿ 26,200 ಪೌಂಡ್‌ನಿಂದ 38,700ಕ್ಕೂ, 2025ರ ಜುಲೈ 22ರಂದು 41,700ಕ್ಕೂ ಏರಿತು. ಅಂದಿನಿಂದ ಹೊಸಬರಿಗೆ ಬಹುಪಾಲು ಪದವಿ ಮಟ್ಟದ ಹುದ್ದೆಗಳೇ ಉಳಿದವು. ವೃದ್ಧರು, ಅಶಕ್ತರ ಆರೈಕೆ ಕೆಲಸಕ್ಕೆ ಹೊರದೇಶದಿಂದ ಹೊಸ ನೇಮಕ ನಿಂತಿತು. ಕಾಯಂ ವಾಸದ ಅವಧಿಯನ್ನು 5ರಿಂದ 10 ವರ್ಷಕ್ಕೆ ಹೆಚ್ಚಿಸುವ ಪ್ರಸ್ತಾವವನ್ನು 2025ರ ಮೇ ತಿಂಗಳ ಶ್ವೇತಪತ್ರ ಮುಂದಿಟ್ಟಿತು. ಆಗಲೇ ಅಲ್ಲಿದ್ದವರಿಗೂ ಇದನ್ನು ಅನ್ವಯಿಸುವ ಆಲೋಚನೆ ನವೆಂಬರ್‌ನಲ್ಲಿ ಪ್ರಕಟವಾಯಿತು. ಓದು ಮುಗಿಸಿದವರಿಗೆ ನೀಡುವ 2 ವರ್ಷಗಳ ವೀಸಾವನ್ನು 2027ರ ಜನವರಿ 1ರಿಂದ ಸಲ್ಲಿಸುವ ಅರ್ಜಿಗಳಿಗೆ 18 ತಿಂಗಳಿಗೆ ಇಳಿಸಲು ತೀರ್ಮಾನಿಸಲಾಗಿದೆ.

ಜರ್ಮನಿಯ ಹಾದಿ ಭಿನ್ನ. 2023ರ ನವೆಂಬರ್‌ನ ಪರಿಷ್ಕರಣೆಯಂತೆ ಬ್ಲೂ ಕಾರ್ಡ್ ಹೊಂದಿದವರು 27 ತಿಂಗಳಲ್ಲಿ ಕಾಯಂ ವಾಸಕ್ಕೆ ಅರ್ಜಿ ಸಲ್ಲಿಸಬಹುದು. ಜರ್ಮನ್ ಭಾಷೆಯನ್ನು ಮಧ್ಯಮ ಮಟ್ಟದಲ್ಲಿ ಬಲ್ಲವರಿಗೆ 21 ತಿಂಗಳು ಸಾಕು.

ವ್ಯಾಖ್ಯೆಯ ಹೊರಗಿನ ಕುಶಲಿಗರು

ಈ ಎಲ್ಲ ನಿಯಮಗಳಲ್ಲಿ ಕುಶಲತೆಯನ್ನು ಅಳೆಯುವುದು ಪದವಿ, ವೇತನ, ಭಾಷೆಗಳ ಮೂಲಕ. ಚನ್ನಗಿರಿ ತಾಲ್ಲೂಕಿನಲ್ಲೂ ನೆಲೆಸಿರುವ ಹಕ್ಕಿಪಿಕ್ಕಿ ಸಮುದಾಯದವರ ಕುಶಲತೆ ಈ ಅಳತೆಗೆ ಸಿಗದು. ಗಿಡಮೂಲಿಕೆ ತೈಲ, ಔಷಧಿ ಮಾರಲು ಅವರು ಆಫ್ರಿಕಾದ ಹಲವು ದೇಶಗಳಿಗೆ ಹೋಗಿಬರುತ್ತಾರೆ. 2023ರ ಏಪ್ರಿಲ್ 15ರಂದು ಸುಡಾನ್‌ನಲ್ಲಿ ಸೇನೆ ಮತ್ತು ಅರೆಸೇನಾ ಪಡೆಯ ನಡುವೆ ಕಾಳಗ ಆರಂಭವಾದಾಗ ಅಲ್ಲಿ ಸಿಲುಕಿದ ಕನ್ನಡಿಗರಲ್ಲಿ ಚನ್ನಗಿರಿ ಭಾಗದ ಹಕ್ಕಿಪಿಕ್ಕಿಗಳೂ ಇದ್ದರು. ಏಪ್ರಿಲ್ 24ರಂದು ಆರಂಭವಾದ 'ಆಪರೇಷನ್ ಕಾವೇರಿ' ಮೂಲಕ ಕೇಂದ್ರ ಸರ್ಕಾರ ಭಾರತೀಯರನ್ನು ಕರೆತಂದಿತು. ಅಲ್ಪಾವಧಿ ವೀಸಾದಲ್ಲಿ ಹೋಗಿ ವ್ಯಾಪಾರ ಮಾಡುವವರಿಗೆ ಉದ್ಯೋಗ ಒಪ್ಪಂದದ ಆಸರೆಯೂ ಇಲ್ಲ, ಕಾಯಂ ವಾಸದ ದಾರಿಯೂ ಇಲ್ಲ.

ಹೊರಡುವ ಮುನ್ನ

ಹೊರದೇಶದಲ್ಲಿ ಕೆಲಸ ಕೊಡಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿರಬೇಕು. ಅವರ ಹೆಸರನ್ನು ಕೇಂದ್ರದ 'ಇ-ಮೈಗ್ರೇಟ್' ಜಾಲತಾಣದಲ್ಲಿ ಪರಿಶೀಲಿಸಬಹುದು. ಅವರು ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂ. ಮತ್ತು ಜಿಎಸ್‌ಟಿ. ಎಸ್ಸೆಸ್ಸೆಲ್ಸಿ ಪೂರೈಸದವರು ಸುಡಾನ್ ಸೇರಿದಂತೆ 18 ದೇಶಗಳಿಗೆ ಉದ್ಯೋಗ ವೀಸಾದಲ್ಲಿ ತೆರಳಲು ಸಾಮಾನ್ಯವಾಗಿ ವಲಸೆ ಅನುಮತಿ ಅಗತ್ಯ. ಬ್ರಿಟನ್‌ನಲ್ಲಿ ಹೊರದೇಶದವರನ್ನು ನೇಮಿಸಿಕೊಳ್ಳಲು ಪರವಾನಗಿ ಪಡೆದ ಸಂಸ್ಥೆಗಳ ಪಟ್ಟಿಯನ್ನು ಅಲ್ಲಿನ ಸರ್ಕಾರವೇ ಪ್ರಕಟಿಸುತ್ತದೆ.

ಎಷ್ಟು ವರ್ಷಕ್ಕೆ ಕಾಯಂ ವಾಸ ಎಂದು ಯಾರೇ ಹೇಳಲಿ, ಅದು ಇಂದಿನ ಲೆಕ್ಕವಷ್ಟೆ. ಆ ಭರವಸೆಯ ಮೇಲೆ ಜಮೀನು ಅಡವಿಡುವ ಮುನ್ನ, ಮೊದಲ ವೀಸಾ ಅವಧಿಯ ದುಡಿಮೆಯಿಂದಲೇ ಸಾಲ ತೀರಿಸಿ ಮರಳಲು ಸಾಧ್ಯವೇ ಎಂಬ ಲೆಕ್ಕ ಹಾಕಿಕೊಳ್ಳುವುದು ಕ್ಷೇಮ.