ಆನೆಯ ಮುದ್ರೆಯಿಂದ ಕೀಲಿಜೋಡಿಗೆ: ಬ್ಲಾಕ್‌ಚೈನ್ ನೋಡ್‌ಗಳ ಗುರುತಿನ ಚರಿತ್ರೆ

ಸುತ್ತೂರು ಸೇರಿರುವ ನಂಜನಗೂಡು ತಾಲ್ಲೂಕಿನ ಮತ್ತು ನೆರೆಯ ತಿ. ನರಸೀಪುರ ತಾಲ್ಲೂಕಿನ ಶಾಸನಗಳನ್ನು ಬಿ.ಎಲ್. ರೈಸ್ 1894ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದರು. ಇದೇ ತಿ. ನರಸೀಪುರ ತಾಲ್ಲೂಕಿನ ತಲಕಾಡಿನಿಂದ ಆಳಿದ ಗಂಗ ಅರಸರ ದಾನದ ತಾಮ್ರಪಟಗಳ ಬಳೆಯಲ್ಲಿ ಆನೆಯ ಮುದ್ರೆ ಇರುತ್ತಿತ್ತು. ದಾನ ಅರಸನದೇ ಎನ್ನಲು ಅದೇ ಸಾಕ್ಷಿ. ಆದರೂ ಗಂಗರ ಹಲವು ಪಟಗಳು ಕೂಟಶಾಸನಗಳೆಂದು, ಅಂದರೆ ನಕಲಿ ಎಂದು, ಶಾಸನತಜ್ಞ ಜೆ.ಎಫ್. ಫ್ಲೀಟ್ ಲಿಪಿ ಮತ್ತು ತೇದಿಗಳ ಆಧಾರದಲ್ಲಿ ವಾದಿಸಿದರು. ಕಣ್ಣಿಗೆ ಕಾಣುವ ಮುದ್ರೆಯನ್ನು ಇನ್ನೊಬ್ಬರು ಎರಕ ಹೊಯ್ಯಬಹುದು ಎಂಬುದೇ ತೊಡಕಿನ ಮೂಲ.

ಇಂಥ ನಕಲಿಗೆ ಎಡೆಯಿಲ್ಲದಂತೆ, ತನ್ನ ಗುಟ್ಟನ್ನು ಬಿಟ್ಟುಕೊಡದೆ ಗುರುತನ್ನು ಸಾಬೀತುಪಡಿಸುವ ದಾರಿಯನ್ನು ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ 1976ರಲ್ಲಿ ಸೂಚಿಸಿದರು. ಖಾಸಗಿ ಕೀಲಿಯಿಂದ ಸಹಿ ಮಾಡಿದ್ದನ್ನು ಎಲ್ಲರಿಗೂ ಸಿಗುವ ಸಾರ್ವಜನಿಕ ಕೀಲಿಯಿಂದ ಪರೀಕ್ಷಿಸಬಹುದು. ಆದರೆ ಸಾರ್ವಜನಿಕ ಕೀಲಿಯಿಂದ ಖಾಸಗಿ ಕೀಲಿಯನ್ನು ಲೆಕ್ಕಹಾಕುವುದು ಕಾರ್ಯತಃ ಅಸಾಧ್ಯ. ಈ ಎರಡೂ ಸೇರಿದ್ದೇ ಕೀಲಿಜೋಡಿ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಇದಕ್ಕೆ ಆರ್‌ಎಸ್‌ಎ ಎಂಬ ಕಾರ್ಯರೂಪ ಕೊಟ್ಟರು. 1985ರಲ್ಲಿ ಕೋಬ್ಲಿಟ್ಸ್ ಮತ್ತು ಮಿಲ್ಲರ್ ಬೇರೆಬೇರೆಯಾಗಿ ಸೂಚಿಸಿದ ಎಲಿಪ್ಟಿಕ್ ಕರ್ವ್ ವಿಧಾನದಿಂದ ಕೀಲಿಗಳು ಚಿಕ್ಕವಾದವು.

ಒಂದೇ ದಾಖಲೆಪಟ್ಟಿಯನ್ನು ಹಲವು ಕಂಪ್ಯೂಟರ್‌ಗಳು, ಅಂದರೆ ನೋಡ್‌ಗಳು, ಹಂಚಿಕೊಂಡು ಇಟ್ಟುಕೊಳ್ಳುವ ವ್ಯವಸ್ಥೆಯೇ ಬ್ಲಾಕ್‌ಚೈನ್. ಅಲ್ಲಿ ನೋಡ್‌ಗಳಿಗೆಲ್ಲ ಕೀಲಿಜೋಡಿಯೇ ಗುರುತು ಎಂದುಕೊಳ್ಳುವುದು ಸರಿಯಲ್ಲ. 2009ರಲ್ಲಿ ಶುರುವಾದ ಬಿಟ್‌ಕಾಯಿನ್‌ನಲ್ಲಿ ಕೀಲಿಗಳು ಹಣದ ಒಡೆತನಕ್ಕೆ. ನೋಡ್‌ಗಳು ಒಂದನ್ನೊಂದು ಹುಡುಕುವುದು ಐಪಿ ವಿಳಾಸದಂಥ ಜಾಲದ ವಿಳಾಸದಿಂದ. 2015ರ ಇಥೀರಿಯಮ್ ನೋಡ್‌ಗೂ ಕೀಲಿ ಕೊಟ್ಟಿತು. ಅಲ್ಲಿ ನೋಡ್‌ನ ವಿಳಾಸವಾದ ‘ಇನೋಡ್’ನಲ್ಲಿ 128 ಹೆಕ್ಸಾಡೆಸಿಮಲ್ ಅಕ್ಷರಗಳ ಸಾರ್ವಜನಿಕ ಕೀಲಿ, ಅದರ ನಂತರ ಐಪಿ ವಿಳಾಸ ಮತ್ತು ಪೋರ್ಟ್ ಇರುತ್ತವೆ. ಇಥೀರಿಯಮ್ ನೋಡ್ ನಡೆಸುವ ‘ಗೆತ್’ ತಂತ್ರಾಂಶದಲ್ಲಿ ಖಾಸಗಿ ಕೀಲಿ ‘ನೋಡ್‌ಕೀ’ ಎಂಬ ಪುಟ್ಟ ಕಡತದಲ್ಲಿ ಕೂತಿರುತ್ತದೆ. ಯಂತ್ರ ಬದಲಾದರೂ ಆ ಕಡತ ಉಳಿದರೆ ನೋಡ್ ಹಳೆಯದೇ. ಕಡತ ಅಳಿಸಿ ಮತ್ತೆ ಚಾಲೂ ಮಾಡಿದರೆ ಜಾಲದ ಮಟ್ಟಿಗೆ ಅದು ಹೊಸ ನೋಡ್. ಕಡತ ಕಳವಾದರೆ ಕದ್ದವನ ಯಂತ್ರಕ್ಕೂ ಅದೇ ಗುರುತು.

ಕೀಲಿಜೋಡಿ ಹೇಳುವುದು ನಿನ್ನೆ ಬಂದ ನೋಡೇ ಇಂದೂ ಬಂದಿದೆ ಎಂಬುದನ್ನು. ಅದರ ಹಿಂದೆ ಯಾರಿದ್ದಾರೆ ಎಂಬುದನ್ನಲ್ಲ. ಒಬ್ಬನೇ ಸಾವಿರ ಕೀಲಿಜೋಡಿ ಹುಟ್ಟಿಸಿ ಸಾವಿರ ನೋಡ್‌ಗಳಂತೆ ನಟಿಸಬಹುದು. ಈ ‘ಸಿಬಿಲ್ ದಾಳಿ’ಯನ್ನು ವಿವರಿಸಿದ ಜಾನ್ ಡೌಸರ್, ನಂಬಲರ್ಹ ಕೇಂದ್ರವೊಂದಿಲ್ಲದೆ ಅದನ್ನು ಪೂರ್ತಿ ತಡೆಯುವುದು ವಾಸ್ತವದಲ್ಲಿ ಆಗದ ಮಾತು ಎಂದು 2002ರಲ್ಲೇ ತೋರಿಸಿದ್ದರು. ಬಿಟ್‌ಕಾಯಿನ್ ಗಣಿಗಾರಿಕೆಯ, ಅಂದರೆ ಹೊಸ ಬ್ಲಾಕ್ ಸೇರಿಸಲು ಮಾಡಬೇಕಾದ ದುಬಾರಿ ಲೆಕ್ಕದ, ಖರ್ಚಿನ ಮೂಲಕ ಇದಕ್ಕೆ ಉತ್ತರ ಹುಡುಕಿತು. ಸಂಸ್ಥೆಗಳ ಬಳಕೆಗೆಂದು ರೂಪಿಸಿದ ಬ್ಲಾಕ್‌ಚೈನ್ ತಂತ್ರಾಂಶ ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ಹಿಡಿದದ್ದು ಬೇರೆ ದಾರಿ: ಪ್ರತಿ ನೋಡ್‌ನ ಸಾರ್ವಜನಿಕ ಕೀಲಿಗೂ ಪ್ರಮಾಣಪತ್ರ ಪ್ರಾಧಿಕಾರದ ಸಹಿ ಬೀಳಬೇಕು. ಆ ಪತ್ರವಿಲ್ಲದ ನೋಡ್‌ಗೆ ಒಳಗೆ ಜಾಗವಿಲ್ಲ.

ಈ ಎರಡನೆಯ ದಾರಿ ನಮ್ಮ ಆಡಳಿತಕ್ಕೆ ಹೊಸದಲ್ಲ. 2000ದ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಕಾಯ್ದೆ ಕೀಲಿಜೋಡಿಯ ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆ ಕೊಟ್ಟು, ಪ್ರಮಾಣಪತ್ರ ನೀಡುವ ಸಂಸ್ಥೆಗಳ ಮೇಲೆ ನಿಯಂತ್ರಕರನ್ನು ಕೂರಿಸಿತು. ಅದೇ ಕಾಲದಲ್ಲಿ ಕರ್ನಾಟಕದ ‘ಭೂಮಿ’ ಯೋಜನೆ ಕೈಬರಹದ ಪಹಣಿಯನ್ನು ಗಣಕಕ್ಕೆ ತಂದಿತು. ಸುತ್ತೂರಿನ ರೈತ ಇಂದು ಆನ್‌ಲೈನ್‌ನಲ್ಲಿ ಪಡೆಯುವ ಪಹಣಿ ಬ್ಲಾಕ್‌ಚೈನ್ ಅಲ್ಲ. ಆದರೆ ಅದರ ಡಿಜಿಟಲ್ ಸಹಿಯ ಹಿಂದಿರುವುದೂ ಇದೇ ಕೀಲಿಜೋಡಿ. ಆಮೇಲೆ ಬ್ಲಾಕ್‌ಚೈನ್ ಕೂಡ ಸರ್ಕಾರದೊಳಗೆ ಬಂತು. 2020ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಸಿ ಬೆಂಗಳೂರಿನಲ್ಲಿ ಬ್ಲಾಕ್‌ಚೈನ್ ಉತ್ಕೃಷ್ಟತಾ ಕೇಂದ್ರ ತೆರೆಯಿತು. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೊರತಂದ ‘ವಿಶ್ವಸ್ಯ’ ವೇದಿಕೆಯೂ ಅನುಮತಿಯುಳ್ಳವರಷ್ಟೇ ಸೇರುವ ಬ್ಲಾಕ್‌ಚೈನ್‌ಗಳಿಗಾಗಿಯೇ ರೂಪುಗೊಂಡದ್ದು.

ಹೀಗೆ ಕೀಲಿಜೋಡಿ ಮುದ್ರೆಯ ದೊಡ್ಡ ದೋಷವನ್ನು ಕಳೆಯಿತು: ನೋಡಿ ನಕಲು ಮಾಡುವುದು ಇನ್ನು ಆಗದು. ಕೀಲಿಗೆ ಹೆಸರು ಸೇರಿಸುವ ಕೆಲಸ ಮಾತ್ರ ಗಣಿತದ ಕೈಯಲ್ಲಿಲ್ಲ. ಅದು ಇಂದಿಗೂ ಕಚೇರಿಯದೇ. ಆದ್ದರಿಂದ ಸರ್ಕಾರಿ ಬ್ಲಾಕ್‌ಚೈನ್‌ಗಳನ್ನು ಅಳೆಯುವವರು ಗೂಢಲಿಪಿಯ ಬಲದ ಜೊತೆಗೆ, ಪ್ರಮಾಣಪತ್ರವನ್ನು ಯಾರು ಕೊಡುತ್ತಾರೆ, ಯಾರು ರದ್ದು ಮಾಡುತ್ತಾರೆ ಎಂಬುದನ್ನೂ ಪರಿಶೀಲಿಸಬೇಕು.